ಹಿಂದಕ್ಕೆ ಬಾಯಿರುವ ಕೊಂಬು

ಹಲ್ಲುಸೆಟ್ಟಿನ ದುಡ್ಡಿಗೆ ಬದಲು
ಹವಾಲ್ದಾರ್ ಬಿದ್ದಯ್ಯ ಕೊಟ್ಟುಹೋದದ್ದು
ಒಂದು ಎಲ್ಪಿ ರೆಕಾರ್ಡು.
ಲೇಬಲ್ಲನ್ನು ಬೆಳ್ಳಿಹುಳ ಮೇದಿದೆ;
ಉಳಿದದ್ದು 'ಇ ಫ್ಲ್ಯಾಟ್' ಎಂಬುದೊಂದು,
ಮತ್ತೆ ಯಾವುದೋ ಕ್ಯಾಂಟೀನಿನ ನೇರಳೆ ಮೊಹರು.
ಬರೆದವನು ಯಾರು, ಊದಿದವನು ಯಾರು?
"ಉಸಿರು ಇದೆಯಲ್ಲ ಡಾಕ್ಟ್ರೇ,
ಹೆಸರು ಯಾಕೆ," ಅಂದ.

ವಿರಾಜಪೇಟೆಯ ಗಡಿಯಾರ ಕಂಬದಿಂದ
ನಾಲ್ಕನೇ ಕಟ್ಟಡ ನನ್ನದು.
ಕೆಳಗೆ ಕರಿಮೆಣಸಿನ ವ್ಯಾಪಾರ, ಮೇಲೆ ಹಲ್ಲು.
ಮಧ್ಯಾಹ್ನ ಒಂದೂವರೆಗೆ ಶಟರು ಅರ್ಧ ಇಳಿಸಿ
ಬುತ್ತಿ ಬಿಚ್ಚುವ ಮೊದಲು ಮುಳ್ಳು ಇಳಿಸುತ್ತೇನೆ.

ಮೊದಲು ಚರಚರ, ಎಣ್ಣೆಗೆ ಸಾಸಿವೆ ಬಿದ್ದ ಹಾಗೆ.
ಆಮೇಲೆ ಪಿಟೀಲುಗಳು,
ಯಾರನ್ನೋ ಕರೆದೊಯ್ಯಲು ಬಂದವರಂತೆ
ಅಂಗಳದಲ್ಲೇ ನಿಂತು ಮಾತಾಡುತ್ತವೆ.
ಒಳಗಿರುವವನಿಗೆ ಅವಸರವಿಲ್ಲ.
ಬರುತ್ತಾನೆ.
ಬಂದ ಮೇಲೆ ಗೊತ್ತಾಗುತ್ತದೆ
ಕೋಣೆಯಲ್ಲಿ ಇಷ್ಟು ಹೊತ್ತು ಚಳಿಯಿತ್ತೆಂದು.

ನನಗೆ ಸಂಗೀತ ಗೊತ್ತಿಲ್ಲ, ಬಾಯಿ ಗೊತ್ತು.
ಆ ಎರಡನೇ ಭಾಗ, ನಿಧಾನದ್ದು,
ಅಲ್ಲಿ ಸ್ವರ ಏರುವಾಗ
ಮೇಲ್ದುಟಿ ಎಷ್ಟು ಬಿಗಿದಿರಬೇಕು,
ಮುಂದಿನ ಹಲ್ಲು ಎಷ್ಟು ಹೊತ್ತಿರಬೇಕು,
ತುಟಿಯ ಮೂಲೆಯ ಒಂದು ಎಳೆ ಸ್ನಾಯು
ಹೇಗೆ ಹಗ್ಗದ ಮೇಲೆ ನಡೆದಿರಬೇಕು
ಎಂದು ಬೆರಳಲ್ಲೇ ಲೆಕ್ಕ ಹಾಕುತ್ತೇನೆ.
ಸ್ವರ ಬೀಳುವುದಿಲ್ಲ.
ಬೀಳಬಹುದಿತ್ತು ಎಂಬುದು ಕೇಳಿಸುತ್ತದೆ,
ಅದೇ ಚಂದ.

ಸೆಟ್ಟು ಒತ್ತುತ್ತದೆಂದು ಬಿದ್ದಯ್ಯ ಬಂದ ದಿನ
ಇದೇ ತಿರುಗುತ್ತಿತ್ತು.
ಪಲ್ಟನ್ನಿನ ಬ್ಯಾಂಡಿನಲ್ಲಿ ಇಪ್ಪತ್ತೆರಡು ವರ್ಷ ಊದಿದವ;
ಜೀಪು ಮಗುಚಿ ಮುಂದಿನ ನಾಲ್ಕು ಹೋದವು,
ಅವುಗಳ ಹಿಂದೆ ಕೊಂಬೂ ಹೋಯಿತು.
ನಾನು ಕಟ್ಟಿಕೊಟ್ಟ ಹಲ್ಲು
ಹೊಗೆಗೆ ಕಟ್ಟಿದ ಹಂದಿಮಾಂಸವನ್ನೂ ಹರಿಯುತ್ತದೆ,
ಹಿತ್ತಾಳೆಯನ್ನು ತಾಳುವುದಿಲ್ಲ.
ಬಾಗಿಲಲ್ಲೇ ನಿಂತು ಬೈದ:
"ಥೂ, ಹೀಗಾ ಕೇಳೋದು?
ಇದರ ಬಾಯಿರೋದು ಹಿಂದಕ್ಕೆ.
ನಮ್ಮ ಕೊಂಬು ಆಕಾಶಕ್ಕೆ ಕೂಗುತ್ತೆ,
ಪುತ್ತರಿಗೂ ಅದೇ, ಹೆಣಕ್ಕೂ ಅದೇ.
ಇದು ಹಾಗಲ್ಲ. ಊದೋನು ಮುಂದೆ ನೋಡ್ತಾನೆ,
ಸದ್ದು ಬೆನ್ನ ಹಿಂದಿನವರಿಗೆ.
ಗೋಡೆ ಮುಟ್ಟಿ ಬಂದದ್ದಷ್ಟೇ ನಿಮಗೆ."
ಸ್ಪೀಕರು ಎರಡನ್ನೂ ಗೋಡೆಗೆ ತಿರುಗಿಸಿದ.

ಸುಣ್ಣದ ಗೋಡೆ, ಆಷಾಢಕ್ಕೆ ಬೂಷ್ಟು ಹಿಡಿಯುವಂಥದ್ದು.
ಅದಕ್ಕೆ ತಾಗಿ, ಅಂಚು ಸವೆಸಿಕೊಂಡು ಬಂತು ಸ್ವರ,
ಮಂಜಿನಲ್ಲಿ ಕಾಫಿಗಿಡಗಳಾಚೆ
ಯಾರೋ ನಾಯಿಯನ್ನು ಹೆಸರು ಹಿಡಿದು ಕರೆದಂತೆ.
ನಾಯಿ ಕಾಣದು, ಕರೆಯುವವನೂ ಕಾಣ,
ಕರೆಯಲ್ಲಿ ಕೋಪವಿಲ್ಲ ಎಂದಷ್ಟು ಗೊತ್ತು.

ಬಿದ್ದಯ್ಯನ ಬಲಗೈ ತಾನಾಗಿ ಕುಳಿಯಾಯಿತು,
ಸೊಂಟದ ಬಳಿ, ಇಲ್ಲದ ಹಿತ್ತಾಳೆಯ ಬಾಯೊಳಗೆ
ಇಳಿಯಿತು. ಮುಚ್ಚಿ, ತೆರೆದು, ಅರ್ಧ ಮುಚ್ಚಿ,
ಬಿದ್ದ ಮರಿಯನ್ನು ಗೂಡಿಗೆ ವಾಪಸ್ಸಿಡುವ ಕೈ.
"ಈಗ," ಅಂದ.

ಈಗ, ಎರಡು ಸ್ವರಗಳ ನಡುವೆ,
ಊದುವವನು ಉಸಿರೆಳೆದ.
ಎಂದೋ, ಎಲ್ಲೋ, ಬಾಗಿಲು ಮುಚ್ಚಿದ ಕೋಣೆಯಲ್ಲಿ
ಒಬ್ಬ ಮನುಷ್ಯ ಗಾಳಿ ಬೇಕೆಂದು ಬಾಯಿ ತೆರೆದದ್ದು.
ಎಷ್ಟು ಸಲ ಕೇಳಿದ್ದೆ, ಕೇಳಿಸಿರಲಿಲ್ಲ.
ದಿನವಿಡೀ ಬಾಯಿ ತೆರೆಸುವವನು ನಾನು!

ಮೂರನೇ ಭಾಗ ಬೇಟೆಯದು.
ಕುದುರೆ ಹೊರಟಿತು, ಮೆಟ್ಟಿಲೂ ಸದ್ದಾಯಿತು;
ಶಟರಿನ ಕೆಳಗೆ ಒಂದು ಜೊತೆ ಚಪ್ಪಲಿ.
ಅಮ್ಮತ್ತಿಯ ದವಡೆಹಲ್ಲು.
"ಏನು ಸಾರ್, ಮದುವೆಯಾ, ಸಾವಾ?"

ಇಬ್ಬರೂ ಉತ್ತರ ಕೊಡಲಿಲ್ಲ.
ಬಿದ್ದಯ್ಯ ಸೆಟ್ಟು ಕಳಚಿ ನನ್ನ ಅಂಗೈಗಿಟ್ಟ,
ಮುಂದಿನ ಕಿಂಡಿಯಲ್ಲೇ ನಕ್ಕ:
"ಉಜ್ಜಿಕೊಡಿ. ಅಲ್ಲೀತನಕ
ಇನ್ನೊಮ್ಮೆ ಮೊದಲಿಂದ ಹಾಕಿ."

ಹಾಕಿದೆ. ಅಮ್ಮತ್ತಿಯವನು ಕುರ್ಚಿಯಲ್ಲಿ ಒರಗಿ
ಗೋಡೆಯನ್ನೇ ನೋಡುತ್ತ ಬಾಯಿ ತೆರೆದಿದ್ದ,
ನಾನು ಹೇಳುವ ಮೊದಲೇ.