ನಿದ್ದೆಯಲ್ಲಿ ಹುಟ್ಟು ಹಾಕುವವನು

ನೆತ್ತಿಗೆ ಆರು ತಂತಿ, ಗಲ್ಲಕ್ಕೆ ಎರಡು,
ಕಣ್ಣಂಚಿಗೆ ಒಂದೊಂದು, ಮೊಣಕಾಲ ಕೆಳಗೆ ನಾಲ್ಕು.
ನಾನಿನ್ನೂ ಅಂಟು ಹಚ್ಚುತ್ತಿದ್ದೆ,
ಕೇಳುವ ಮೊದಲೇ ತ್ರೋಂದುರ್ ಹೇಳಿದ:
"ನಾನು ಕೈಯೆತ್ತಿದವನಲ್ಲ,
ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ."

ಪಕ್ಕದಲ್ಲಿ ಸುನ್ವಾ. ಎಡಗಣ್ಣಿನ ಸುತ್ತ
ಹಳದಿಗೆ ತಿರುಗುತ್ತಿದ್ದ ನೀಲಿ.
"ಹೊಡೆದದ್ದಲ್ಲ," ಎಂದಳು, "ಹುಟ್ಟು ಹಾಕಿದ್ದು."

ಆರು ಹುಟ್ಟಿನ ದೋಣಿ. ಟೋರ್ಸ್‌ಹಾವನ್ ಬಂದರಿನಲ್ಲಿ
ಜುಲೈ ಹಬ್ಬದ ಪಂದ್ಯ. ಆಗ ಅವನಿಗೆ ಇಪ್ಪತ್ತಮೂರು.
ಈಗ ಅರವತ್ತಾರು; ದೋಣಿ ಶೆಡ್ಡಿನಲ್ಲಿ ಬೋರಲು ಬಿದ್ದಿದೆ.
ಬೆಳಗಿನ ಜಾವ ಮಾತ್ರ ಅದು ನೀರಿಗಿಳಿಯುತ್ತದೆ,
ಅವರಿಬ್ಬರ ಮಂಚದ ಮೇಲೆ.

ಅದಕ್ಕೇ ಮಣಿಕಟ್ಟಿಗೆ ಉಣ್ಣೆಯ ದಾರ,
ಒಂದು ತುದಿ ಅವನಿಗೆ, ಇನ್ನೊಂದು ಅವಳಿಗೆ.
ಅವನು ಜಗ್ಗಿದರೆ ಅವಳಿಗೆ ಎಚ್ಚರ;
ಎಚ್ಚರವಾದರೆ, ತಲೆ ಬಗ್ಗಿಸುವಷ್ಟು ಹೊತ್ತು.
"ಸ್ವೆಟರಿಗೆ ಹೆಚ್ಚಾದ ನೂಲು," ಎಂದಳು,
ನಾನು ಕೇಳಿರಲಿಲ್ಲ.

ರಾತ್ರಿಪಾಳಿಯವಳು ನಾನು. ನನಗೆ ಗೊತ್ತಿರುವುದಿಷ್ಟು:
ಮಿದುಳು ಬೆನ್ನಿಗೆ ಇಳಿಯುವ ಕಡೆ ಒಂದು ಚಿಲಕವಿದೆ.
ಕನಸು ಒಳಗೆ ಬಂದದ್ದೇ ಅದು ಬೀಳುತ್ತದೆ.
ಕಣ್ಣಿಗೆ ಓಡಾಟ ಉಂಟು, ಉಸಿರಿಗೆ ಉಂಟು,
ಮಿಕ್ಕ ಮೈಯೆಲ್ಲ ಗೂಟಕ್ಕೆ ಕಟ್ಟಿದ ಕರು.
ಹಾಗಾಗಿಯೇ ರಾತ್ರಿಯಿಡೀ ಬಂಡೆಯಿಂದ ಬಿದ್ದವರೂ
ಬೆಳಿಗ್ಗೆ ಹಾಸಿಗೆಯಲ್ಲೇ ಸಿಗುತ್ತಾರೆ.
ಬೆಕ್ಕಿಗೂ ಇದೆ ಈ ಚಿಲಕ.
ಕೆಲವರಿಗೆ, ಹೆಚ್ಚಾಗಿ ಐವತ್ತು ದಾಟಿದ ಗಂಡಸರಿಗೆ,
ತುಕ್ಕು ಹಿಡಿಯುತ್ತದೆ.
ಕನಸಿಗೆ ಕೈಕಾಲು ಬರುತ್ತದೆ.

ಹನ್ನೊಂದೂಕಾಲಿಗೆ ಜೊಂಪು ಹತ್ತಿತು.
ಆಮೇಲೆ ಪರದೆಯ ಮೇಲೆ ದೊಡ್ಡ, ಸೋಮಾರಿ ಅಲೆಗಳು,
ಕಿಟಕಿಯಾಚೆ ಬಂದರಿನಲ್ಲೂ ಅಂಥವೇ ಇದ್ದಿರಬೇಕು;
ಮಂಜಿನಲ್ಲಿ ಕಾಣಲಿಲ್ಲ.
ಒಂದರ ಹೊತ್ತಿಗೆ ಕಣ್ಣು ಮೊದಲ ಸಲ ಓಡಿತು.
ಗಲ್ಲದ ಗೀಟು ಮಲಗಬೇಕಿತ್ತು.
ಮಲಗಲಿಲ್ಲ, ಮುಳ್ಳು ಮುಳ್ಳಾಗಿ ಎದ್ದು ನಿಂತಿತು.

ಮೂರೂ ಹತ್ತಕ್ಕೆ ಅವನು ಹೊರಟ.
ಕತ್ತಲ ಕ್ಯಾಮೆರಾದ ಬೂದು ಬೆಳಕಿನಲ್ಲಿ
ಎರಡು ಮುಷ್ಟಿ ಎದೆಗೆ ಬಂದವು, ಹೋದವು, ಬಂದವು.
ಕಂಬಳಿ ನೊರೆಯ ಹಾಗೆ ಪಕ್ಕಕ್ಕೆ ಸರಿಯಿತು.
"ಎಳೀ, ಸಿಮುನ್, ಎಳೀ!"
ಹಗಲು ಮೆಲುದನಿಯ ಮನುಷ್ಯ.

ಅಂಟು ಬಿಟ್ಟ ತಂತಿಯೊಂದನ್ನು ಸರಿಪಡಿಸಲು ಹೊರಟೆ.
ಮೊಗಸಾಲೆಯ ಕುರ್ಚಿಯಲ್ಲಿ ಸುನ್ವಾ, ಗಾಢ ನಿದ್ದೆ.
ಮನೆಗೆ ಹೋಗಿ ಅಂದಿದ್ದೆವು, ಹೋಗಿರಲಿಲ್ಲ.
ಮಣಿಕಟ್ಟಿನಲ್ಲಿ ಅದೇ ದಾರ,
ಇನ್ನೊಂದು ತುದಿ ಯಾವುದಕ್ಕೂ ಕಟ್ಟದೆ ನೆಲದ ಮೇಲೆ.
ಗೋಡೆಯಾಚೆ ಅವನು ಒಮ್ಮೆ ಜೋರಾಗಿ ಎಳೆದಾಗ
ಈಚೆ ಅವಳು, ಕಣ್ಣು ಬಿಡದೆಯೇ,
ತಲೆ ಬಗ್ಗಿಸಿದಳು.

ಅದಕ್ಕೆ ನನ್ನ ಯಂತ್ರದಲ್ಲಿ ಗೀಟಿಲ್ಲ.

ಬೆಳಿಗ್ಗೆ ಕಾಫಿ ಕೊಟ್ಟೆ. ಹೇಗಿದೆ?
"ಬಿಸಿಯಾಗಿದೆ," ಎಂದ. ವಾಸನೆ ಹೋಗಿ ಎರಡು ವರ್ಷವಂತೆ;
ಕುರಿಮಾಂಸ ಒಣಹಾಕಿದ ಗುಡಿಸಲಿಗೆ ನುಗ್ಗಿದರೂ
ಖಾಲಿ ಕೋಣೆ ಹೊಕ್ಕ ಹಾಗೆ.
ಬರೆದುಕೊಂಡೆ. ಪೆನ್ನು ಕೊಂಚ ನಿಧಾನಿಸಿತು.
ಹತ್ತು ವರ್ಷದಾಚೆಯಿಂದ ಇವನ ಬೆರಳಿಗೆಂದು
ಒಂದು ನಡುಕ ಈಗಾಗಲೇ ಹೊರಟಿರಬಹುದು,
ಹೊರಡದೆಯೂ ಇರಬಹುದು.
ಅದನ್ನು ಹೇಳಲು ಡಾಕ್ಟರರಿದ್ದಾರೆ, ಒಂಬತ್ತಕ್ಕೆ ಬರುತ್ತಾರೆ.

ನಾನು ಬೇರೆಯದೇ ಕೇಳಿದೆ: ಆ ಪಂದ್ಯ ಗೆದ್ದಿರಾ?
ಕೂದಲಿಂದ ಅಂಟು ಕೀಳುತ್ತ ತ್ರೋಂದುರ್ ನಕ್ಕ.
"ರಾತ್ರಿ ಎಲ್ಲರಿಗಿಂತ ಮುಂದೆ ಇರುತ್ತೇವೆ.
ದಡ ಮಾತ್ರ ಬರುವುದಿಲ್ಲ."

"ನಾಲ್ಕನೆಯವರು," ಎಂದಳು ಸುನ್ವಾ,
ದಾರವನ್ನು ಉಂಡೆ ಸುತ್ತುತ್ತ.
"ಐದೇ ದೋಣಿ ಇದ್ದದ್ದು."