ಮುಂದ?

ಸುತ್ತೋಲೆ ಬಂದದ್ದು ಏಪ್ರಿಲಿನಲ್ಲಿ:
ಹೊಸದಾಗಿ ಸೇರಿದ ಪ್ರತಿ ಅಧ್ಯಾಪಕರಿಗೂ ಒಬ್ಬ ಹಿರಿಯ ಮಾರ್ಗದರ್ಶಿ,
ಗುರುವಾರ ನಾಲ್ಕಕ್ಕೆ ಭೇಟಿ, ತಿಂಗಳಿಗೊಂದು ನಮೂನೆ, ಮೂರು ಪ್ರತಿ.
ನನ್ನ ಹೆಸರಿನ ಎದುರು: ಜೈತುನಬಿ ಮೇಡಂ, ಮಣ್ಣು ವಿಜ್ಞಾನ.

ರಾಯಚೂರಿನ ಬಿಸಿಲು ಆಗ ಗೋಡೆಯ ಒಳಗೂ ಇರುತ್ತದೆ.
ಆಚೆ ಶಕ್ತಿನಗರದಲ್ಲಿ ನಾಡಿಗೆಲ್ಲ ಕರೆಂಟು ಬೇಯುತ್ತಿತ್ತು,
ಇಲ್ಲಿ ಪ್ರಯೋಗಾಲಯದ ಫ್ಯಾನು ನಿಂತಿತ್ತು.
ಒಂದೇ ಉಸಿರಿಗೆ ಸುರಿದೆ:
ವಾರಕ್ಕೆ ಹದಿನೆಂಟು ಪಾಠ, ಮಾನ್ಯತಾ ಸಮಿತಿಯ ಕಡತ,
ಎರಡನೇ ಸಲ ವಾಪಸು ಬಂದ ಲೇಖನ,
ಅದರ ಅಂಚಿನಲ್ಲಿ ಯಾರೋ ಬರೆದ ಎರಡು ಪದ:
ಮಾದರಿಗಳು ಸಾಲವು.
ಮೇಡಂ ಮಣ್ಣಿನ ಚೀಲದ ದಾರ ಬಿಚ್ಚುತ್ತ, ತಲೆ ಎತ್ತದೆ,
"ಮುಂದ?" ಅಂದರು.

ಮುಂದೇನು?
ಅದನ್ನು ಕೇಳಲೆಂದೇ ಅಲ್ಲವೆ ನಾನು ಬಂದದ್ದು!

ಮೇ ಪೂರ್ತಿ ಅಷ್ಟೇ. ಜೂನೂ.
ಸವಳು ಮಣ್ಣು ತಳ ಸೇರಿ ನೀರು ತಿಳಿಯಾಗುವ ತನಕ
ಬೀಕರನ್ನು ನೋಡುವ ಕಣ್ಣಲ್ಲೇ ನನ್ನನ್ನೂ ನೋಡುವರು;
ಅಲ್ಲಾಡಿಸುವುದಿಲ್ಲ.
ನಮೂನೆಯಲ್ಲಿ 'ನೀಡಿದ ಸಲಹೆ' ಎಂಬ ಚೌಕ.
ಅಲ್ಲೊಂದು ಅಡ್ಡಗೆರೆ, ಕೆಳಗೆ ಸಹಿ,
ಉರ್ದುವಿನ ಬಾಗಿನಲ್ಲಿ ಕನ್ನಡ.

ಒಂದು ಗುರುವಾರ ಅತ್ತುಬಿಟ್ಟೆ.
ಸಮಾಧಾನ ಹೇಳಲಿಲ್ಲ. ಬೀರುವಿನ ಕೆಳಗಿನ ಖಾನೆ ಎಳೆದು
ತೊಂಬತ್ತೆಂಟರ ಹೊಲದ ಪುಸ್ತಕ ತೆರೆದರು:
ಸಿಂಧನೂರು, ಕಾಲುವೆಯ ಕೊನೆ, ನಲವತ್ತೊಂದು ಚೀಲ.
ಮಳೆಗೆ ಚೀಟಿಯ ಶಾಯಿ ಹರಿದು
ಯಾವುದು ಯಾವ ಹೊಲದ್ದೋ ತಿಳಿಯದೆ ಹೋದದ್ದು.
"ಊಹೆ ಮಾಡಿ ಬರ್ದಿದ್ರ ಆರು ವರ್ಷ ಮೊದ್ಲೇ ಪ್ರೊಫೆಸರ್ ಆಗ್ತಿದ್ದೆ, ಹುಲಿಗೆಮ್ಮ."
"ಮುಂದ?" ಈ ಸಲ ಕೇಳಿದ್ದು ನಾನು.
ನಕ್ಕರು.
"ಮುಂದೇನು, ಮತ್ತ ಬಸ್ ಹತ್ತಿದೆ. ಪೆನ್ಸಿಲ್ ಒಯ್ದೆ."

ಆಗಸ್ಟಿನಲ್ಲಿ ನಾನೂ ಹತ್ತಿದೆ.
ಗದ್ದೆಯ ಬದುವಿನಲ್ಲಿ ಉಪ್ಪು ಬೆಳ್ಳಗೆ ಹೂತಿತ್ತು,
ಚಪ್ಪಲಿ ಕೈಯಲ್ಲಿ, ಮೊಳಕಾಲತನಕ ಕೆಸರು.
ಲೇಖನದ ವಿಚಾರ ಹೇಳುವುದಿಲ್ಲ.
ಅದು ಇನ್ನೂ ಯಾರದೋ ಮೇಜಿನ ಮೇಲಿದೆ.

ಮೇಡಂ ನಿವೃತ್ತರಾಗಿ ಎರಡು ಬೇಸಿಗೆ.
ಈಗ ನನ್ನೆದುರಿನ ಕುರ್ಚಿಯಲ್ಲಿ ಲಿಂಗಸೂಗೂರಿನ ಅಮರೇಗೌಡ,
ಹೊಸ ಅಂಗಿ, ಹದಿನೆಂಟು ಪಾಠ, ಅದೇ ಉಸಿರು.
ನನ್ನ ನಾಲಿಗೆಯ ತುದಿಗೆ ಹತ್ತು ಸಲಹೆ ಬಂದು ನಿಲ್ಲುತ್ತವೆ,
ಒಂಬತ್ತನ್ನು ನುಂಗುತ್ತೇನೆ.
ಹತ್ತನೆಯದು ಜಾರಿಯೇ ಬಿಟ್ಟಿತು:
"ಚೀಟಿ ಪೆನ್ಸಿಲ್ಲಲ್ಲೇ ಬರೀರಿ."

ಹೌದ್ರಿ ಮೇಡಂ, ಅಂದವನು
ಕೂಡಲೇ ನಮೂನೆಯ ಚೌಕದಲ್ಲಿ ಗುರುತು ಹಾಕಿಕೊಂಡ,
ದುಂಡಗೆ, ಅಡಿಗೆರೆ ಎಳೆದು,
ಶಾಯಿಯಲ್ಲಿ.