ಮಾದರಿಯ ಗಾತ್ರ

ಮೊದಲ ವಾರ ಬರೆದದ್ದಕ್ಕೆಲ್ಲ
ಪಾಟೋಳೆ ಮೇಡಂ ಕಾಟು ಹಾಕಿದ್ದರು.
‘ಧೂಳಪ್ಪ ಖುಷಿಯಿಂದ ಆಡಿದ’ ಎಂಬಲ್ಲಿ
ಖುಷಿಯ ಸುತ್ತ ಒಂದು ಕೆಂಪು ಸುತ್ತು,
ಪಕ್ಕದಲ್ಲಿ: ಇದು ಎಲ್ಲಿ ಕಾಣಿಸಿತು?
ಕಾಲಿನಲ್ಲೋ, ಹಲ್ಲಿನಲ್ಲೋ, ನಿನ್ನಲ್ಲೋ?

ಸಾಂಗ್ಲಿಯಿಂದ ಜತ್ತಕ್ಕೆ ಕೆಂಪು ಬಸ್ಸು,
ಅಲ್ಲಿಂದ ಉಮದಿಯ ಹಾದಿಗೆ ವಡಾಪ್,
ತೊಡೆಯ ಮೇಲೆ ವಹಿ.
ಗುಣವಾಚಕಗಳನ್ನು ಒಂದೊಂದೇ ತೆಗೆಯುತ್ತಾ ಹೋದೆ
ಅವ್ವ ಜೋಳದೊಳಗಿನ ಹರಳು ಆರಿಸಿದ ಹಾಗೆ.
ಉಳಿದದ್ದು ಇಷ್ಟು:
ಹತ್ತು ಗಂಟೆ ನಾಲ್ಕು ನಿಮಿಷ. ಡಬ್ಬಿ. ಉಸುಕು.
ತುಂಬಿದ. ಸುರಿದ. ತುಂಬಿದ.
ಹನ್ನೊಂದನೇ ಸಲಕ್ಕೆ ಡಬ್ಬಿ ಬೋರಲು ಹಾಕಿ
ಅದರ ಬೆನ್ನಿಗೆ ಕಿವಿ ಇಟ್ಟ.
ಯಾಕೆ ಅಂತ ಬರೆಯಲಿಲ್ಲ. ಗೊತ್ತಿರಲಿಲ್ಲ.
ಅಲ್ಲಿ ಮೇಡಂ ಏನೂ ಹೊಡೆದುಹಾಕಲಿಲ್ಲ.

ಗೋಡೆಯ ಮೇಲೆ ‘ಅ’ ಅನನಸಿನದು, ಮರಾಠಿ.
ಇಪ್ಪತ್ತು ಮಕ್ಕಳಲ್ಲಿ ಯಾರೂ ಆ ಹಣ್ಣು ತಿಂದಿಲ್ಲ.
(ತಪ್ಪು. ಸೋಫಿಯಾ ನದಾಫ ತಿಂದಿದ್ದಾಳೆ,
ಮಿರಜಿನ ಆಸ್ಪತ್ರೆಯ ಎದುರು, ಅಜ್ಜ ಇನ್ನೂ ಇದ್ದಾಗ.
ಕೇಳದೆ ಬರೆಯಬಾರದು.)
ಅಂಗನವಾಡಿ ತಾಈ ಅಂದರೆ ಮರಾಠಿಯಲ್ಲಿ ಅಕ್ಕ,
ಮಕ್ಕಳ ಕಿವಿಯಲ್ಲಿ ಅದು ತಾಯಿ.
ರುಕ್ಮಾತಾಈಗೆ ಎರಡೂ ನಡೆಯುತ್ತದೆ.
‘ಬಸಾ’ ಅಂತಾಳೆ, ಯಾರೂ ಕೂರುವುದಿಲ್ಲ.
‘ಕುಂದರ್ರೋ’ ಅಂತಾಳೆ, ಎರಡೂ ಭಾಷೆಯವು ಕೂರುತ್ತವೆ.
ನನ್ನ ತಖ್ತೆಯಲ್ಲಿ ‘ಮನೆಮಾತು’ ಎಂಬಲ್ಲಿ
ಇದ್ದದ್ದು ಒಂದೇ ಚೌಕ.
ಅಂಚಿನಲ್ಲಿ ಬರೆಯತೊಡಗಿದೆ. ಮೂರನೇ ವಾರಕ್ಕೆ
ಅಂಚೇ ತಖ್ತೆಗಿಂತ ದೊಡ್ಡದು.

ಇಪ್ಪತ್ತು ಒಪ್ಪಿಗೆಪತ್ರ.
ಹದಿನಾರು ಸಹಿ, ನಾಲ್ಕು ಅಜ್ಜಿಯರ ಹೆಬ್ಬೆಟ್ಟು.
ಒಬ್ಬ ಅಪ್ಪ ಓದದೆ ಸಹಿ ಮಾಡಿ ಕೇಳಿದ:
‘ಇದರಾಗ ಪಾಸ್ ಆಗೂದು ಕೂಸೋ, ನೀವೋ?’

ಪುಸ್ತಕದಲ್ಲಿ ಒಂದು ಸಾಲಿತ್ತು, ಮಗುವನ್ನೂ ಕೇಳಬೇಕೆಂದು.
ಕೇಳಿದೆ. ಮೊಣಕಾಲೂರಿ, ಒಬ್ಬೊಬ್ಬರನ್ನೇ.
‘ನೀ ಆಡೂದು ನಾ ಬರಕೊಳ್ಳಲೇನು?’
ಹ್ಞೂಂ. ಹ್ಞೂಂ. ‘ಬರಕೋ.’ ‘ನಂದು ಎರಡು ಸಲ ಬರಿ.’
ಓಂಕಾರ ಪೆನ್ನು ಕೇಳಿದ, ಕೊಟ್ಟೆ, ಮರಳಿ ಬರಲಿಲ್ಲ.
ಇಪ್ಪತ್ತನೆಯವಳು
ನನ್ನ ವಹಿ ನೋಡಿದಳು. ನನ್ನ ಮುಖ ನೋಡಿದಳು.
‘ಬ್ಯಾಡ.’

ಬ್ಯಾಡ ಅಂದರೆ ಹೇಗೆ?
ಅವಳ ಅವ್ವನ ಸಹಿ ನನ್ನ ಚೀಲದಲ್ಲಿದೆ.
ಮರುದಿನ ಶೇಂಗಾ ಚಿಕ್ಕಿ ಕೊಟ್ಟು ಮತ್ತೆ ಕೇಳಿದೆ.
ಇದನ್ನು ಪ್ರಬಂಧದಲ್ಲಿ ಬರೆದಿಲ್ಲ, ಇಲ್ಲಿ ಬರೆಯುತ್ತೇನೆ.
ಚಿಕ್ಕಿ ತಿಂದಳು. ‘ಬ್ಯಾಡ’ ಅಂದಳು.
ಇಷ್ಟು ಹೇಳಿದ್ದೂ ಹೆಚ್ಚಾಯಿತೇನೋ.

ಬಾಗಿಲಲ್ಲಿ ಅಕ್ಕಿ ಅಳೆಯುತ್ತಿದ್ದ ರುಕ್ಮಾತಾಈ
ತಲೆ ಎತ್ತದೆ ಅಂದಳು:
‘ಕೂಸು ಬ್ಯಾಡ ಅಂದ್ರ ನಮಗ ಅದು ಹಟ ಅನಸ್ತದ, ಬಾಯಾರ.
ನಾ ಇಪ್ಪತ್ತೆರಡು ವರ್ಷ ಹಂಗ ಅಂದೀನಿ.’

ಬರೆಯದೆ ಇರುವುದು ಕಷ್ಟವಲ್ಲ.
ನೋಡದೆ ಇರುವುದು.
ಒಂದು ಬೆಳಿಗ್ಗೆ ಅವಳು,
ಆ ತಿಂಗಳು ನಾನು ಕಂಡದ್ದರಲ್ಲೇ ಅತಿ...
(ಗುಣವಾಚಕ. ತೆಗೆದೆ.)
ಏನೋ ಮಾಡುತ್ತಿದ್ದಳು, ಮೂಲೆಯಲ್ಲಿ,
ಇಪ್ಪತ್ತೊಂದು ನಿಮಿಷ.
ನಾನು ವಹಿ ಮುಚ್ಚಿ ಅದರ ಮೇಲೆ ಕೂತೆ.

ಮಾದರಿ ಇಪ್ಪತ್ತಲ್ಲವೇ, ಹತ್ತೊಂಬತ್ತು ಯಾಕೆ?
ಮೇಡಂ ಕೇಳಿದರು.
ಒಬ್ಬಳು ಒಪ್ಪಲಿಲ್ಲ.
ತಾಯಿಯೋ?
ಅಲ್ಲ.
ಕೆಂಪು ಪೆನ್ನು ಎತ್ತಿದವರು
ತುಸು ಹೊತ್ತು ಅದನ್ನು ಹಾಗೇ ಹಿಡಿದಿದ್ದರು.
ಇಪ್ಪತ್ತಾಗಿದ್ದರೆ ಮಗುವಿಗೆ ನೂರಕ್ಕೆ ಐದು, ಸಲೀಸು, ಅಂದರು.
ಈಗ ಐದು ಬಿಂದು ಎರಡು ಆರು ಮೂರು ಒಂದು...
ಎಲ್ಲಿ ನಿಲ್ಲಿಸಲಿ, ಮೇಡಂ?
ಚಹಾ ಆರುತ್ತದೆ, ಮೊದಲು ಕುಡಿ.